ಬ್ಯಾಟ್ರಿ ಕೊಳ್ಳುವ ಮುಂಚೆ ಬ್ಯಾಟರಿ ನೋಡಿ

ಓದುಗರು ಕೇಳಿದ್ದು, ನಾವು ಹೇಳಿದ್ದು

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಟಾರ್ಚಿನವೇ. ಹಾಗಾಗಿ ಮಿಕ್ಸಿ, ಗೀಸರ್ ಕೇಳಿದವರು ಮುಂದಿನ ಸಂಚಿಕೆಯವರೆಗೆ ತಡೆದುಕೊಳ್ಳಬೇಕು.

ಪ್ರಶ್ನೆ: ತೆಂಗಿನ ತೋಟ ಇದೆ. ತ್ರೀಫೇಸ್ ಕರೆಂಟ್ ರಾತ್ರಿ ಹನ್ನೊಂದಕ್ಕೋ ಒಂದಕ್ಕೋ ಬರುತ್ತೆ. ಹೋಗಿ ಮೋಟಾರ್ ಆನ್ ಮಾಡಿ, ವಾಲ್ವ್ ತಿರುಗಿಸಿ ಬರಬೇಕು. ಎರಡು ವರ್ಷದಲ್ಲಿ ಮೂರು ಟಾರ್ಚ್ ತಗೊಂಡೆ, ಮೂರೂ ಹೋದವು. ಈಗ ಆನ್‌ಲೈನಿನಲ್ಲಿ 50,000 ಲ್ಯೂಮೆನ್, 5 ಕಿಲೋಮೀಟರ್ ದೂರ ಬೀಳುತ್ತೆ ಅಂತ ಒಂದಿದೆ. ಬೆಲೆ ಐನೂರರ ಒಳಗೆ. ತಗೊಳ್ಳಲಾ? (ಅರಸೀಕೆರೆ ಕಡೆಯ ಓದುಗರು)

ಬೇಡ. ಇಷ್ಟೇ ಹೇಳಿ ಮುಗಿಸಬಹುದಿತ್ತು, ಆದರೆ ಮೂರು ಟಾರ್ಚಿಗೆ ದುಡ್ಡು ಸುರಿದವರಿಗೆ ಕಾರಣವನ್ನೂ ಹೇಳಬೇಕಲ್ವಾ.

ಲ್ಯೂಮೆನ್ ಅಂದರೆ ಒಟ್ಟು ಬೆಳಕಿನ ಅಳತೆ. ನಿಮ್ಮ ನಡುಮನೆಯಲ್ಲಿ ಉರಿಯುವ 9 ವ್ಯಾಟ್ ಎಲ್‌ಇಡಿ ಬಲ್ಬು ಕೊಡುವುದು ಸುಮಾರು 800ರಿಂದ 900 ಲ್ಯೂಮೆನ್. 50,000 ಅಂದರೆ ಅಂಥ ಐವತ್ತೈದು, ಅರವತ್ತು ಬಲ್ಬು ಒಟ್ಟಿಗೆ ಹಚ್ಚಿದ ಹಾಗೆ. ಅದೂ ಗೇಣುದ್ದದ ಟಾರ್ಚಿನಿಂದ, ಒಂದೇ ಸೆಲ್ಲಿನಿಂದ! ನಿಜವಾಗಿ ಅಷ್ಟು ಬೆಳಕು ಬಂದರೆ ಕೈಯಲ್ಲಿ ಟಾರ್ಚ್ ಇರುವುದಿಲ್ಲ, ಇಸ್ತ್ರಿಪೆಟ್ಟಿಗೆ ಇರುತ್ತದೆ.

5 ಕಿಲೋಮೀಟರಿನ ಕಥೆಯೂ ಅಷ್ಟೇ. ಟಾರ್ಚಿನ ದೂರ ಅಳೆಯಲು ಎಫ್‌ಎಲ್1 ಎಂಬ ಒಂದು ಮಾನದಂಡ ಇದೆ, ಒಳ್ಳೆಯ ಕಂಪನಿಗಳು ಅದನ್ನೇ ಡಬ್ಬದ ಮೇಲೆ ಹಾಕುತ್ತವೆ. ಬೆಳಕು ಎಲ್ಲಿ ಹುಣ್ಣಿಮೆಯ ಬೆಳದಿಂಗಳಷ್ಟಕ್ಕೆ, ಅಂದರೆ 0.25 ಲಕ್ಸ್‌ಗೆ ಇಳಿಯುತ್ತದೋ ಅದೇ ಆ ಟಾರ್ಚಿನ ದೂರ. ಬೆಳದಿಂಗಳಲ್ಲಿ ತೆಂಗಿನ ಮರ ಕಾಣುತ್ತದೆ, ಬುಡದಲ್ಲಿ ಬಿದ್ದಿರುವುದು ಗರಿಯೋ ಹಂದಿಯೋ ಗೊತ್ತಾಗುವುದಿಲ್ಲ. ಹಾಗಾಗಿ 200 ಮೀಟರ್ ಅಂತ ಬರೆದಿದ್ದರೆ ನಿಮ್ಮ ಕೆಲಸಕ್ಕೆ ಬರುವುದು ಅದರ ಅರ್ಧ ಅಂದುಕೊಳ್ಳಿ. ಆ 200 ಮೀಟರಿಗೇ 10,000 ಕ್ಯಾಂಡೆಲಾ (ಒಂದು ದಿಕ್ಕಿಗೆ ಹೋಗುವ ಬೆಳಕಿನ ತೀವ್ರತೆಯ ಅಳತೆ) ಬೇಕು. ದೂರ ಎರಡರಷ್ಟು ಆಗಬೇಕಾದರೆ ಕ್ಯಾಂಡೆಲಾ ನಾಲ್ಕರಷ್ಟು ಆಗಬೇಕು, ಅಂದರೆ 400 ಮೀಟರಿಗೆ 40,000. ಇದೇ ಲೆಕ್ಕದಲ್ಲಿ 5 ಕಿಲೋಮೀಟರಿಗೆ 62 ಲಕ್ಷಕ್ಕೂ ಜಾಸ್ತಿ. ಐನೂರು ರೂಪಾಯಿಗೆ.

ಈಗ ಅಸಲು ವಿಷಯಕ್ಕೆ ಬರೋಣ. ಹಳ್ಳಿ ಕಡೆ ಟಾರ್ಚಿಗೇ ಬ್ಯಾಟ್ರಿ ಅನ್ನುತ್ತಾರೆ. ‘ಬ್ಯಾಟ್ರಿ ಬಿಡೋ, ಏನೂ ಕಾಣ್ತಿಲ್ಲ’ ಅಂತ. ಪೇಟೆಯವರು ನಗುತ್ತಾರೆ, ಆದರೆ ಆ ಹೆಸರೇ ಸರಿ. ಬೆಳಕು ಕೊಡುವ ಎಲ್‌ಇಡಿ ಇವತ್ತು ಅಗ್ಗದ ವಸ್ತು. ಟಾರ್ಚ್ ಉಳಿಯುವುದೂ ಹಾಳಾಗುವುದೂ ಒಳಗಿನ ಬ್ಯಾಟರಿಯಿಂದ.

ನಿಮ್ಮ ಮೂರು ಟಾರ್ಚುಗಳು ಹಿಂಬದಿಯಿಂದ ಎರಡು ಪಿನ್ನು ಹೊರಗೆಳೆದು ನೇರ ಗೋಡೆಯ ಪ್ಲಗ್ಗಿಗೆ ಚುಚ್ಚುವಂಥವಾ? ಹೌದು ಎಂದೇ ನನ್ನ ಅನುಮಾನ. ಅಂಥವುಗಳಲ್ಲಿ ಬಹಳಷ್ಟಕ್ಕೆ 4 ವೋಲ್ಟಿನ ಪುಟ್ಟ ಲೆಡ್-ಆಸಿಡ್ ಬ್ಯಾಟರಿ ಇರುತ್ತದೆ, ಬೈಕಿನ ಬ್ಯಾಟರಿಯ ತಮ್ಮ. ಅದರ ಸ್ವಭಾವ ಏನೆಂದರೆ ಖಾಲಿ ಬಿಟ್ಟರೆ ಸಾಯುತ್ತದೆ. ಪೂರ್ತಿ ಇಳಿಸಿ ಎರಡು ತಿಂಗಳು ಮೂಲೆಯಲ್ಲಿಟ್ಟರೆ ಒಳಗಿನ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ, ಆಮೇಲೆ ಇಡೀ ರಾತ್ರಿ ಚಾರ್ಜಿಗಿಟ್ಟರೂ ಹತ್ತು ನಿಮಿಷ ಉರಿಯುತ್ತದೆ. ನಮ್ಮ ಮನೆಯಲ್ಲೂ ಹೀಗೆ ಹೋದದ್ದು ಎರಡಿವೆ, ಅಟ್ಟದ ಮೇಲೆ.

ಲಿಥಿಯಂ ಸೆಲ್ಲಿನದನ್ನೇ ತಗೊಳ್ಳಿ. ಅಂಗಡಿಯಲ್ಲಿ 18650 ಅನ್ನುತ್ತಾರೆ. ಏನೋ ಗುಟ್ಟಿನ ನಂಬರ್ ಅಲ್ಲ, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಅಷ್ಟೇ. ಅದರ ಅಣ್ಣ 21700, ಅಂದರೆ 21 ಮಿಲಿಮೀಟರ್ ದಪ್ಪ, 70 ಉದ್ದ. ಒಳ್ಳೆಯ 18650ರಲ್ಲಿ 2,000ದಿಂದ 3,500 ಎಂಎಎಚ್ (ಸೆಲ್ಲಿಗೆ ಎಷ್ಟು ಚಾರ್ಜ್ ತುಂಬುತ್ತದೆ ಎಂಬ ಅಳತೆ) ಹಿಡಿಯುತ್ತದೆ, 21700ರಲ್ಲಿ 4,000ದಿಂದ 5,000. ಕಳೆದ ವರ್ಷ ಸಂತೆಯಲ್ಲಿ ನಾನೊಂದು ಟಾರ್ಚ್ ತಂದೆ, ಒಳಗಿದ್ದ 18650 ಸೆಲ್ಲಿನ ಮೇಲೆ 9,900 ಎಂಎಎಚ್ ಅಂತ ಬಂಗಾರದ ಬಣ್ಣದಲ್ಲಿ ಅಚ್ಚಾಗಿತ್ತು. ಅಡುಗೆಮನೆಯ ತಕ್ಕಡಿ ಮೇಲಿಟ್ಟೆ: 29 ಗ್ರಾಂ. ಅಸಲಿ ಸೆಲ್ಲು 45 ಗ್ರಾಂ ಆಸುಪಾಸು ತೂಗಬೇಕು. ಹಳೇ ಲ್ಯಾಪ್‌ಟಾಪಿನಿಂದ ತೆಗೆದ ಸೆಲ್ಲು ಪಕ್ಕದಲ್ಲಿಟ್ಟು ಒಂದೊಂದು ಕೈಯಲ್ಲಿ ಹಿಡಿದರೆ ತಕ್ಕಡಿಯೂ ಬೇಡ, ಒಂದು ಮಾಗಿದ ಕಾಯಿ, ಇನ್ನೊಂದು ಗೊಡ್ಡು ಕಾಯಿ, ತೆಂಗು ಬೆಳೆಯುವ ನಿಮಗೆ ಆ ವ್ಯತ್ಯಾಸ ಹೇಳಿಕೊಡಬೇಕಾ.

ಸೆಲ್ಲು ಅಂದರೆ ಓವರ್‌ಹೆಡ್ ಟ್ಯಾಂಕು, ಲ್ಯೂಮೆನ್ ಅಂದರೆ ನಲ್ಲಿ. 3,000 ಎಂಎಎಚ್‌ನ ಒಂದು ಸೆಲ್ಲಿನಲ್ಲಿ ಸುಮಾರು 11 ವ್ಯಾಟ್-ಅವರ್, ಅಂದರೆ 11 ವ್ಯಾಟಿನ ದೀಪವನ್ನು ಒಂದು ಗಂಟೆ ಉರಿಸುವಷ್ಟು ಇರುತ್ತದೆ. ಒಂದು ವ್ಯಾಟಿಗೆ ನೂರು ಲ್ಯೂಮೆನ್ ಅಂತ ಹಿಡಿದರೆ 1,000 ಲ್ಯೂಮೆನ್ನಿನಲ್ಲಿ ಒಂದು ಗಂಟೆ, 100ರಲ್ಲಿ ಹತ್ತು ಗಂಟೆ. ಇದಕ್ಕಿಂತ ತುಂಬಾ ಜಾಸ್ತಿ ಹೇಳಿದವರು ಸುಳ್ಳು ಹೇಳುತ್ತಿದ್ದಾರೆ. ಅಂದಹಾಗೆ 1,000 ಲ್ಯೂಮೆನ್ ಅಂತ ನಿಜವಾಗಿ ಬರೆದಿರುವ ಒಳ್ಳೆ ಸಣ್ಣ ಟಾರ್ಚ್ ಕೂಡ ಆ ಬೆಳಕನ್ನು ಕೆಲವೇ ನಿಮಿಷ ಕೊಟ್ಟು ತಾನೇ ಇಳಿಯುತ್ತದೆ. ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ, ಬಿಸಿ ಆಗದಿರಲಿ ಅಂತ ಹಾಗೆ ಮಾಡಿರುತ್ತಾರೆ.

ನಿಮಗೆ ಎಷ್ಟು ಬೇಕು? ನಡೆಯುವುದಕ್ಕೆ 80–100 ಲ್ಯೂಮೆನ್ ಧಾರಾಳ. ತೋಟದ ಆ ತುದಿಯಲ್ಲಿ ಏನೋ ಸದ್ದಾಯಿತು ಅಂದಾಗ 500, 600. ಹಾಗಾಗಿ ಕಡಿಮೆ, ಮಧ್ಯ, ಜಾಸ್ತಿ ಎಂದು ಮೂರು ಹಂತ ಇರುವ, ಸೆಲ್ಲು ಹೊರಗೆ ತೆಗೆಯಲು ಬರುವ, ಫೋನಿನ ಟೈಪ್-ಸಿ ವೈರಿನಲ್ಲೇ ಚಾರ್ಜ್ ಆಗುವ ಒಂದನ್ನು ಹುಡುಕಿ. ಸೆಲ್ಲಿನ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಐಎಸ್ 16046 ನಂಬರ್ ಇದೆಯಾ ನೋಡಿ. ಬೆಲೆ ನಿಮ್ಮ ಐನೂರಕ್ಕಿಂತ ಜಾಸ್ತಿಯೇ ಆಗುತ್ತದೆ, ಆದರೆ ಮೂರು ಟಾರ್ಚಿಗೆ ಕೊಟ್ಟದ್ದನ್ನು ಕೂಡಿಸಿ ನೋಡಿ. ಇನ್ನೊಂದು ಸೆಲ್ಲು ಜೊತೆಗೆ ತಗೊಂಡು ಪಂಪ್‌ಹೌಸಿನಲ್ಲಿ ಡಬ್ಬಿಯೊಳಗೆ ಇಡಿ. ಬರೀ ಸೆಲ್ಲನ್ನು ಜೇಬಿನಲ್ಲಿ ಬೀಗದ ಕೈ, ಚಿಲ್ಲರೆ ಜೊತೆ ಮಾತ್ರ ಇಡಬೇಡಿ, ಶಾರ್ಟ್ ಆದರೆ ತೊಡೆ ಸುಡುತ್ತದೆ.

ಲೆನ್ಸ್ ಹಿಂದೆ ಮುಂದೆ ಜಾರಿಸುವ ಜೂಮ್ ಟಾರ್ಚು ನಿಮಗೆ ಬೇಡ. ಪೂರ್ತಿ ಜೂಮ್ ಮಾಡಿ ಗೋಡೆಗೆ ಬಿಟ್ಟರೆ ಚೌಕದ ಬೆಳಕು ಬೀಳುತ್ತಲ್ಲ, ಅದು ಎಲ್‌ಇಡಿಯದೇ ನೆರಳಚ್ಚು. ಆ ಚೌಕ ಬಿಟ್ಟು ಸುತ್ತ ಕಪ್ಪು. ನಿಮಗೆ ಬೇಕಿರುವುದು ಸುತ್ತಲೂ ಹರಡುವ ಬೆಳಕು, ಯಾಕೆಂದರೆ ಹಾವು ಇರುವುದು ಐದು ಕಿಲೋಮೀಟರ್ ಆಚೆ ಅಲ್ಲ, ಕಾಲಿನಿಂದ ಐದು ಅಡಿ ಮುಂದೆ. ಕೊಳಕುಮಂಡಲ, ಕಟ್ಟುಹಾವು ಎರಡೂ ರಾತ್ರಿ ಓಡಾಡುವಂಥವು. ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ವರ್ಷಕ್ಕೆ ಸರಾಸರಿ 58,000 ಅಂತ ಒಂದು ದೊಡ್ಡ ಅಧ್ಯಯನ ಲೆಕ್ಕ ಹಾಕಿದೆ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ಸರ್ಕಾರಕ್ಕೆ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಒಣಗರಿ ಮೇಲೆ ಸುರುಳಿ ಸುತ್ತಿದ ಕೊಳಕುಮಂಡಲ ನೀಲಿ ಬಿಳಿ ಬೆಳಕಿನಲ್ಲಿ ಗರಿಯ ಹಾಗೇ ಕಾಣುತ್ತದೆ. ಡಬ್ಬದ ಮೇಲೆ 6,500ಕೆ ಅಂತ ಇದ್ದರೆ ಅದು ಆ ನೀಲಿ ಬಿಳಿ. 4,000ದಿಂದ 5,000ಕೆ ಸಿಕ್ಕರೆ ಅದನ್ನೇ ಆರಿಸಿ, ಕಂದು ಕಂದಾಗಿ, ಹಸಿರು ಹಸಿರಾಗಿ ಕಾಣುತ್ತದೆ. ಮತ್ತೆ ಗಂಬೂಟು ಹಾಕ್ಕೊಂಡೇ ಹೋಗಿ ಸಾರ್.

ಪ್ರಶ್ನೆ: ನಮ್ಮದು ಆಗುಂಬೆ ಹತ್ತಿರ. ಮಳೆ ಹೇಗೆಂದು ಹೇಳಬೇಕಿಲ್ಲ. ವಾಟರ್‌ಪ್ರೂಫ್ ಅಂತ ಬರೆದಿದ್ದನ್ನು ನಂಬಬಹುದಾ? ಮಂಜಿನಲ್ಲಂತೂ ಎಷ್ಟು ದೊಡ್ಡ ಟಾರ್ಚ್ ಬಿಟ್ಟರೂ ಎದುರಿಗೆ ಬಿಳಿ ಗೋಡೆ.

ವಾಟರ್‌ಪ್ರೂಫ್ ಅನ್ನುವ ಪದವನ್ನು ನಂಬಬೇಡಿ, ಪಕ್ಕದಲ್ಲಿ ನೀರು ಎಷ್ಟು ತಡೆಯುತ್ತದೆ ಅಂತ ಹೇಳುವ ಐಪಿ ನಂಬರ್ ಇದೆಯಾ ನೋಡಿ. ಐಪಿಎಕ್ಸ್4 ಅಂದರೆ ನಾಲ್ಕೂ ಕಡೆಯಿಂದ ಸಿಡಿಯುವ ನೀರು ತಡೆಯುತ್ತದೆ, ಪೇಟೆಯ ಮಳೆಗೆ ಸಾಕು. ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಪರವಾಗಿಲ್ಲ. ಆಗುಂಬೆಗೆ ಏಳಕ್ಕಿಂತ ಕಡಿಮೆ ಬೇಡವೇ ಬೇಡ.

ಆದರೆ ನಂಬರ್ ಇದ್ದಷ್ಟಕ್ಕೆ ಆಗಲಿಲ್ಲ. ಹಿಂದಿನ ಮುಚ್ಚಳ ಬಿಚ್ಚಿದರೆ ತಿರುಪಿನ ಬುಡದಲ್ಲಿ ಒಂದು ಕರೀ ರಬ್ಬರ್ ಉಂಗುರ ಕಾಣುತ್ತದೆ, ಬಳೆಯ ಹಾಗೆ. ನೀರು ತಡೆಯುವುದೆಲ್ಲ ಅದೇ. ಒಂದು ಕೂದಲೆಳೆ ಅದರ ಮೇಲೆ ಸಿಕ್ಕಿಕೊಂಡರೂ ನೀರು ಒಳಗೆ. ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮುಂಚೆ, ಒರೆಸಿ ಒಂಚೂರು ಸಿಲಿಕೋನ್ ಗ್ರೀಸ್ ಸವರಿ. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಮಣ್ಣು ಹಿಡಿದು ಅಂಟಂಟಾಗುತ್ತದೆ. ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಕಿತ್ತುಹೋಗಿದ್ದರೆ ಐಪಿ ನಂಬರಿಗೆ ಅರ್ಥವೇ ಇಲ್ಲ, ನಮ್ಮಲ್ಲಿ ಮೊದಲು ಹೋಗುವುದೂ ಅದೇ.

ಮಂಜಿನ ಬಿಳಿ ಗೋಡೆಗೆ ಖರ್ಚಿಲ್ಲದ ಉಪಾಯ ಇದೆ. ಟಾರ್ಚನ್ನು ಕಣ್ಣಿನ ಹತ್ತಿರ ಹಿಡಿಯಬೇಡಿ, ಸೊಂಟಕ್ಕಿಂತ ಕೆಳಗೆ ಹಿಡಿಯಿರಿ. ಕಣ್ಣಿನ ಪಕ್ಕದಿಂದ ಹೊರಟ ಬೆಳಕು ಹನಿಗಳಿಗೆ ಬಡಿದು ನೇರ ಕಣ್ಣಿಗೇ ವಾಪಸ್ ಬರುತ್ತದೆ. ಕಾರಿನ ಫಾಗ್ ಲ್ಯಾಂಪು ಬಂಪರಿನ ಹತ್ತಿರ ಅಷ್ಟು ಕೆಳಗೆ ಯಾಕಿರುತ್ತೆ ಹೇಳಿ. ಕೆಳಗಿನಿಂದ ಬಿಟ್ಟಾಗ ಕಲ್ಲು, ಬೇರು, ಗುಂಡಿಗಳಿಗೆ ಉದ್ದ ನೆರಳು ಬಿದ್ದು ದಾರಿಯ ಏರುತಗ್ಗೂ ಕಾಣುತ್ತದೆ. ಬೆಳಕನ್ನು ಮಧ್ಯದ ಹಂತಕ್ಕೆ ಇಳಿಸಿ, ಜಾಸ್ತಿ ಮಾಡಿದಷ್ಟೂ ಗೋಡೆ ಬೆಳ್ಳಗಾಗುತ್ತದೆ ಅಷ್ಟೇ. ತಲೆಗೆ ಕಟ್ಟುವ ಹೆಡ್‌ಲ್ಯಾಂಪು ಮಂಜಿನಲ್ಲಿ ಇನ್ನೂ ಕಷ್ಟ. ರಬ್ಬರ್ ಟ್ಯಾಪಿಂಗ್ ಮಾಡುವವರ ಹಾಗೆ ಎರಡೂ ಕೈ ಖಾಲಿ ಬೇಕಾದವರಿಗೆ ಮಾತ್ರ ಅದು ಸರಿ.

ಪ್ರಶ್ನೆ: ಅಮ್ಮನಿಗೆ 74 ವರ್ಷ, ಬೆಂಗಳೂರಿನಲ್ಲಿ ಒಬ್ಬರೇ ಇದ್ದಾರೆ. ಕರೆಂಟ್ ಹೋದಾಗ ಫೋನಿನ ಟಾರ್ಚ್ ಸಾಕು ಅಂತಾರೆ. ನಾನು ಹೊರದೇಶದಿಂದ ಒಂದು ಒಳ್ಳೆ ಟಾರ್ಚ್ ತಂದುಕೊಡಬೇಕು ಅಂತಿದ್ದೀನಿ.

ಹೊರದೇಶದ್ದು ಬೇಡ, ಮೂರು ಹಂತ, ಐದು ಹಂತದ್ದಂತೂ ಬೇಡವೇ ಬೇಡ. ಕತ್ತಲಲ್ಲಿ ಗಾಬರಿಯಾಗಿ ಎರಡು ಸಲ ಒತ್ತಿದರೆ ಪೊಲೀಸ್ ಜೀಪಿನ ಹಾಗೆ ಮಿಣುಕು ಮಿಣುಕು ಶುರುವಾಗುತ್ತೆ, ಆಮೇಲೆ ಅಪಾಯದ ಸಂಕೇತ ಎಸ್‌ಒಎಸ್ ಅಂತೆ. ಆ ಮಿಣುಕು ಯಾರಿಗೆ ಬೇಕೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅಮ್ಮನಿಗೆ ಒಂದೇ ಸ್ವಿಚ್ಚಿನ, ಎರಡು ಪೆನ್ಸೆಲ್ ಹಾಕುವ ಎಲ್‌ಇಡಿ ಟಾರ್ಚ್ ತಂದುಕೊಡಿ. ಪೆನ್ಸೆಲ್ ಬೀದಿ ತುದಿಯ ಅಂಗಡಿಯಲ್ಲೂ ಸಿಗುತ್ತದೆ. ಚಾರ್ಜ್ ಮಾಡುವುದು ಮರೆತುಹೋಯಿತು ಅನ್ನುವ ತಾಪತ್ರಯ ಇಲ್ಲ. ಹಾಸಿಗೆ ಪಕ್ಕದಲ್ಲಿ ಮೊಳೆಗೆ ನೇತುಹಾಕಿ, ಜಾಗ ಬದಲಿಸಬೇಡಿ. ಕರೆಂಟ್ ಹೋದಾಗ ಅದನ್ನು ಚೊಂಬಿನಲ್ಲಿ ಮೇಲ್ಮುಖವಾಗಿ ನಿಲ್ಲಿಸಿದರೆ ಬೆಳಕು ಬಿಳಿ ತಾರಸಿಗೆ ಬಡಿದು ಇಡೀ ಕೋಣೆಗೆ ಹರಡುತ್ತದೆ, 50 ಲ್ಯೂಮೆನ್ನಿನಲ್ಲೇ ಊಟ ಮುಗಿಸಬಹುದು. ಫೋನಿನ ಟಾರ್ಚ್ ಮನೆಯೊಳಗೆ ಸಾಕಾಗುತ್ತದೆ ನಿಜ. ಆದರೆ ಅದೇ ಹೊತ್ತಿಗೆ ನಿಮಗೆ ಫೋನ್ ಮಾಡಲೂ ಅದೇ ಬ್ಯಾಟರಿ ಉಳಿದಿರಬೇಕಲ್ಲ.

ಪ್ರಶ್ನೆ: ಟಾರ್ಚಿನೊಳಗೆ ಸೆಲ್ ಸೋರಿ ಬಿಳಿ ಪುಡಿ ಕಟ್ಟಿದೆ. ಎಸೆಯಬೇಕಾ?

ಎಸೆಯಬೇಡಿ. ಸೆಲ್ಲಿನ ಮೇಲೆ ಆಲ್ಕಲೈನ್ ಅಂತ ಇದ್ದರೆ ಸೋರಿರುವುದು ಕ್ಷಾರ. ಹತ್ತಿಗೆ ಎರಡು ಹನಿ ನಿಂಬೆರಸವೋ ವಿನೆಗರೋ ಹಾಕಿ ಒರೆಸಿ, ಆಮೇಲೆ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ, ಒಂದು ದಿನ ನೆರಳಲ್ಲಿ ಒಣಗಲಿ. ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಳ್ಳಿ, ಕಣ್ಣು ಮುಟ್ಟಿಕೊಳ್ಳಬೇಡಿ. ಅಗ್ಗದ ಮಾಮೂಲಿ ಸೆಲ್ಲಾದರೆ ನಿಂಬೆ ಬೇಡ, ಚಿಟಿಕೆ ಅಡುಗೆ ಸೋಡಾ ಕಲಸಿ ಒರೆಸಿ. ಸ್ಪ್ರಿಂಗ್ ಹಸಿರುಗಟ್ಟಿದ್ದರೆ ಮರಳು ಕಾಗದದಲ್ಲಿ ಮೆಲ್ಲಗೆ ಉಜ್ಜಿ. ಒಂದು ಹೊಸ ಸೆಲ್ಲು ಒಂದು ಹಳೇ ಸೆಲ್ಲು ಸೇರಿಸಿ ಹಾಕುವ ಜಿಪುಣತನದಿಂದಲೂ ಹೀಗಾಗುವುದುಂಟು, ನೀವು ಹಾಗೆ ಮಾಡಿಲ್ಲ ಅಂದುಕೊಳ್ಳುತ್ತೇನೆ.

ಪ್ರಶ್ನೆ: ಅಜ್ಜನ ಕಾಲದ ಹಿತ್ತಾಳೆ ಟಾರ್ಚ್ ಸಿಕ್ಕಿದೆ, ಎರಡು ದೊಡ್ಡ ಸೆಲ್ಲಿನದು. ಅದನ್ನೇ ಬಳಸುವ ಆಸೆ. ಆಗುತ್ತಾ? (ಧಾರವಾಡದ ಓದುಗರು)

ಯಾಕಾಗಲ್ಲ! ದೊಡ್ಡ ಸೆಲ್ಲು ಇವತ್ತಿಗೂ ಸಿಗುತ್ತವೆ, ಎರಡು ಸೇರಿ 3 ವೋಲ್ಟ್. ಮೊದಲು ಹಳೇ ಬಲ್ಬ್ ಬಿಚ್ಚಿ. ಬುಡದಲ್ಲಿ ತಿರುಪು ಇದೆಯಾ ಅಥವಾ ಸುಮ್ನೆ ಒಂದು ಅಂಚು ಕಟ್ಟಿದ ಟೊಪ್ಪಿಯ ಹಾಗಿದೆಯಾ ನೋಡಿ. ಅದನ್ನೇ ಜೇಬಿಗೆ ಹಾಕಿಕೊಂಡು ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಗೆ ಹೋಗಿ, ಎರಡೂ ಬಗೆಯ ಬುಡಕ್ಕೆ 3 ವೋಲ್ಟಿನ ಎಲ್‌ಇಡಿ ಬಲ್ಬು ಬರುತ್ತವೆ. ಬೆಳಕು ಹಳೇ ತಂತಿ ಬಲ್ಬಿಗಿಂತ ಎಷ್ಟೋ ಜಾಸ್ತಿ, ಸೆಲ್ಲೂ ಬಾಳಿಕೆ ಬರುತ್ತದೆ. ಹಾಕಿದರೂ ಹತ್ತದಿದ್ದರೆ ಗಾಬರಿಯಾಗಬೇಡಿ, ಎಲ್‌ಇಡಿಗೆ ಪ್ಲಸ್ಸು ಮೈನಸ್ಸು ಇರುತ್ತದೆ, ಒಮ್ಮೆ ಎರಡೂ ಸೆಲ್ಲು ತಿರುಗಿಸಿ ಹಾಕಿ ನೋಡಿ.

ಒಂದು ಕೊರತೆ ಇರುತ್ತದೆ. ಒಳಗಿನ ಕನ್ನಡಿ ಬಟ್ಟಲನ್ನು ಸಣ್ಣ ತಂತಿಯ ಬೆಳಕಿಗೆ ಅಂತ ಮಾಡಿರುವುದರಿಂದ ಎಲ್‌ಇಡಿ ಹಾಕಿದಾಗ ಬೆಳಕಿನ ನಡುವೆ ಕಪ್ಪು ಚುಕ್ಕೆ ಬರಬಹುದು. ಟಾರ್ಚಿನ ತಲೆ ತಿರುಗಿಸಿ ಸರಿಮಾಡಿ ನೋಡಿ, ಸ್ವಲ್ಪ ಕಡಿಮೆಯಾಗುತ್ತದೆ. ಜಾರುವ ಸ್ವಿಚ್ಚಿನ ಕೆಳಗಿನ ಹಿತ್ತಾಳೆ ಪಟ್ಟಿಯನ್ನು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ. ಮೈಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಬೇಕಾದರೆ, ಫಳಫಳ ಹೊಳೆಯುತ್ತದೆ. ಆ ಕನ್ನಡಿ ಬಟ್ಟಲಿಗೆ ಮಾತ್ರ ಬೆರಳು, ಬಟ್ಟೆ ಏನೂ ತಾಗಿಸಬೇಡಿ, ಲೇಪ ಎದ್ದುಬಂದರೆ ಮತ್ತೆ ಹಾಕುವವರು ಸಿಗುವುದು ಕಷ್ಟ. ಧೂಳಿದ್ದರೆ ಬಾಯಲ್ಲಿ ಊದಬೇಡಿ, ಮಕ್ಕಳ ಮೂಗು ತೆಗೆಯುವ ರಬ್ಬರ್ ಪಂಪಿನಲ್ಲಿ ಊದಿ.