ಟ್ರೇಲ್ ಓಟಕ್ಕೆ ಹೊಸಬರಾ? ಮೊದಲು ಇಳಿಯೋದು ಕಲಿಯಿರಿ

ನಮಸ್ಕಾರ. ಮೈಸೂರಿನ ರಸ್ತೆಗಳಲ್ಲಿ ಒಂದು ವರ್ಷದಿಂದ ಓಡುತ್ತಿದ್ದೀರಿ, 10 ಕಿಲೋಮೀಟರ್ ಆರಾಮಾಗಿ ಆಗುತ್ತದೆ. ಈಗ ಟ್ರೇಲ್ ಓಟ, ಅಂದರೆ ಗುಡ್ಡ ಕಾಡಿನ ಮಣ್ಣುದಾರಿಯ ಓಟ, ಶುರು ಮಾಡಬೇಕು, ಯಾವ ಶೂ ತಗೊಳ್ಳಲಿ, ಮುಂದಿನ ವರ್ಷ ಮಲ್ನಾಡ್ ಅಲ್ಟ್ರಾ ಅನ್ನೋ ದೂರದ ಟ್ರೇಲ್ ಸ್ಪರ್ಧೆಯಲ್ಲಿ 50 ಕಿಲೋಮೀಟರ್ ಓಡಬಹುದಾ ಅಂತ ಕೇಳಿದ್ದೀರಿ. ಶೂ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮುಂಚೆ ಗುಡ್ಡ ಇಳಿಯೋದರ ಬಗ್ಗೆ ಹೇಳಲೇಬೇಕು.

ಹೊಸಬರೆಲ್ಲ ಹೆದರೋದು ಹತ್ತೋದಕ್ಕೆ. ಹತ್ತುವಾಗ ಏದುಸಿರು ಬರುತ್ತದೆ, ನಿಜ. ನಡೆದುಬಿಡಿ, ಆಯಿತು. ಟ್ರೇಲ್‌ನಲ್ಲಿ ಏರು ಬಂದಾಗ ನಡೆಯೋದು ಸೋಲಲ್ಲ, ವರ್ಷಗಟ್ಟಲೆ ಓಡಿದವರೂ ನಡೆಯುತ್ತಾರೆ. ಪೆಟ್ಟಾಗೋದು ಇಳಿಯುವಾಗ. ನನ್ನ ಮೊದಲ ವರ್ಷ, ಒಂದು ಗುಡ್ಡ ಹತ್ತಿ ಖುಷಿಯಲ್ಲಿ ಇಳಿಯುತ್ತಿದ್ದೆ. ಗರಸಿನ ಮೇಲೆ ಪಾದ ಹೊರಳಿತು. ಆರು ವಾರ ಓಟ ಬಂದ್.

ಗರಸು ಅಂದೆನಲ್ಲ, ಅದನ್ನು ಸ್ವಲ್ಪ ಬಗ್ಗಿ ನೋಡಿ. ಕೆಳಗೆ ಗಟ್ಟಿ ನೆಲ ಅಥವಾ ಬಂಡೆ, ಅದರ ಮೇಲೆ ಕಡಲೆ ಗಾತ್ರದ ಸಣ್ಣ ಕಲ್ಲು. ಭಯಕ್ಕೆ ಹಿಂದಕ್ಕೆ ವಾಲಿ, ಕಾಲು ಮುಂದೆ ಚಾಚಿ, ಹಿಮ್ಮಡಿ ಊರಿ ಬ್ರೇಕ್ ಹಾಕಿದಿರೋ, ಒಣ ನೆಲದ ಮೇಲೆ ಚೆಲ್ಲಿದ ರಾಗಿ ತುಳಿದ ಹಾಗೆ. ಕಲ್ಲು ಉರುಳಿ ಕಾಲನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಹೆಜ್ಜೆ ಚಿಕ್ಕದಾಗಿರಲಿ, ಬೇಗ ಬೇಗ ಬೀಳಲಿ. ಪಾದ ನಿಮ್ಮ ಸೊಂಟದ ಕೆಳಗೇ ಊರಬೇಕು. ಮಂಡಿ ಸ್ವಲ್ಪ ಮಡಚಿರಲಿ, ಕೈ ಅಗಲವಾಗಿರಲಿ. ಕಣ್ಣು ಕಾಲಿನ ಮೇಲೆ ಬೇಡ, ಮೂರು ನಾಲ್ಕು ಹೆಜ್ಜೆ ಮುಂದಿರಲಿ. ಒಂದು ಹೆಜ್ಜೆ ಜಾರಿದರೂ ಮುಂದಿನದು ಆಗಲೇ ನೆಲದಲ್ಲಿರುತ್ತದೆ, ಅಷ್ಟೇ ಇದರ ಗುಟ್ಟು.

ಮೊದಲ ಸಲ ಇಳಿದ ಮೇಲೆ ಎರಡನೇ ದಿನ ತೊಡೆ ಹಿಡಿದುಕೊಳ್ಳುತ್ತದೆ. ಹೆದರಬೇಡಿ. ಇಳಿಯುವಾಗ ತೊಡೆಯ ಸ್ನಾಯು ಭಾರ ಹೊತ್ತುಕೊಂಡೇ ಹಿಗ್ಗುತ್ತದೆ, ರಸ್ತೆ ಓಟದಲ್ಲಿ ಅದಕ್ಕೆ ಅಷ್ಟು ಅಭ್ಯಾಸ ಆಗಿರುವುದಿಲ್ಲ. ಎರಡನೇ ಸಲ ನೋವು ಕಡಿಮೆ.

ನೀವು ಮೈಸೂರಿನವರು, ಅದೃಷ್ಟವಂತರು. ಮೊದಲ ತಿಂಗಳು ಕುಕ್ಕರಹಳ್ಳಿ ಕೆರೆಯ ಮಣ್ಣಿನ ದಾರಿ ಸಾಕು. ಆಮೇಲೆ ವಾರಕ್ಕೆ ಒಂದು ದಿನ ಚಾಮುಂಡಿ ಬೆಟ್ಟದ ಮೆಟ್ಟಿಲು. ಸುಮಾರು 1000 ಮೆಟ್ಟಿಲು, ಒಂದರ ಎತ್ತರ ಇನ್ನೊಂದಕ್ಕಿಲ್ಲ, ಕಾಲಿಗೆ ಒಳ್ಳೆ ಪಾಠ. ನಡೆದು ಹತ್ತಿ, ನಿಧಾನ ಇಳಿಯಿರಿ. ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹೋಗುವ ಹೆಂಗಸರಿರುತ್ತಾರೆ. ಅವರನ್ನು ಕಂಡ ಕೂಡಲೇ ಓಟ ನಿಲ್ಲಿಸಿ ಪಕ್ಕಕ್ಕೆ ಸರಿಯಿರಿ. ಅದು ಮೊದಲು ಭಕ್ತರ ದಾರಿ, ನಮ್ಮದು ಆಮೇಲೆ. ಆಷಾಢ ಶುಕ್ರವಾರ ಆ ಕಡೆ ಓಡೋಕೆ ಹೋಗಲೇಬೇಡಿ. ಮಳೆ ಬಿದ್ದಾಗಲೂ ಬೇಡ, ಸವೆದ ಕಲ್ಲು ತುಂಬಾ ಜಾರುತ್ತದೆ.

ಬೆಟ್ಟದ ಕಾಡಿನಲ್ಲಿ ಚಿರತೆ ಇದೆ. ಚೆನ್ನಾಗಿ ಬೆಳಕಾದ ಮೇಲೆ ಹೊರಡಿ, ಒಬ್ಬರೇ ಹೋಗಬೇಡಿ, ಕಿವಿಗೆ ಇಯರ್‌ಫೋನ್ ಬೇಡ. ಎಲ್ಲಿಗೆ ಹೋಗುತ್ತೀರಿ, ಎಷ್ಟೊತ್ತಿಗೆ ಬರುತ್ತೀರಿ ಅಂತ ಮನೆಯಲ್ಲಿ ಹೇಳಿರಿ. ಕಾಡಿನ ಕಾಲುದಾರಿ ಕಂಡಿತು ಅಂತ ಸುಮ್ನೆ ನುಗ್ಗಬೇಡಿ, ಅರಣ್ಯ ಇಲಾಖೆಯ ಅನುಮತಿ ಬೇಕೋ ಏನೋ ವಿಚಾರಿಸಿ.

ಕಿಲೋಮೀಟರ್ ಲೆಕ್ಕ ಬಿಡಿ, ಗಂಟೆ ಲೆಕ್ಕ ಹಿಡಿಯಿರಿ. ರಸ್ತೆಯಲ್ಲಿ 7 ನಿಮಿಷಕ್ಕೆ ಆಗುವ ಕಿಲೋಮೀಟರ್ ಇಲ್ಲಿ 11 ನಿಮಿಷ ತಗೊಂಡರೂ ಬೇಜಾರು ಬೇಡ. ವಾಚ್ ನೋಡುತ್ತಾ ಓಡಿದರೆ ಕಲ್ಲು ಕಾಣುವುದಿಲ್ಲ.

ಇನ್ನು ಶೂ. ಮೊದಲ ಎರಡು ತಿಂಗಳು ಈಗಿರುವುದೇ ಸಾಕು, ಅಡಿಭಾಗ ಸವೆದಿರಬಾರದು ಅಷ್ಟೇ. ಆಮೇಲೆ ಅಡಿಯಲ್ಲಿ 4 ಮಿಲಿಮೀಟರ್ ಆಸುಪಾಸಿನ ಹಲ್ಲು, ಬೆರಳಿನ ತುದಿಗೆ ಗಟ್ಟಿ ರಬ್ಬರ್ ಇರುವ ಟ್ರೇಲ್ ಶೂ ನೋಡಿ. ಬೆರಳಿನ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಇರಲಿ. ಸಂಜೆ ಹೋಗಿ ಹಾಕಿ ನೋಡಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಉಗುರು ಕತ್ತರಿಸೋದು ಮರೆಯಬೇಡಿ, ಇಳಿಜಾರಿನಲ್ಲಿ ಶೂಗೆ ಬಡಿದು ಕಪ್ಪಾಗುತ್ತವೆ.

50 ಕಿಲೋಮೀಟರ್ ವಿಷಯ. ಮಲ್ನಾಡ್ ಅಲ್ಟ್ರಾ ನಡೆಯೋದು ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳಲ್ಲಿ. ಅಲ್ಲಿ ಏರು ಇಳಿತ ಮುಗಿಯುವುದೇ ಇಲ್ಲ, ಮಳೆ ಬಂದರೆ ಕೆಸರು, ಇಂಬಳ (ಜಿಗಣೆ) ಬೇರೆ. ಮುಂಚೆ ಒಂದೆರಡು ಸಲ ಮಲೆನಾಡಿಗೆ ಹೋಗಿ, ಗೊತ್ತಿರುವವರ ತೋಟದಲ್ಲಿ ಕೇಳಿಕೊಂಡು ಓಡಿ. ನನ್ನ ಅಳತೆ ಇಷ್ಟೇ: ಬೆಟ್ಟದಲ್ಲಿ ನಾಲ್ಕು ಗಂಟೆ ಹತ್ತಿ ಇಳಿದು, ಮಾರನೇ ದಿನ ಬೆಳಿಗ್ಗೆ ಕಂಬಿ ಹಿಡಿಯದೆ ಮನೆ ಮೆಟ್ಟಿಲು ಇಳಿಯೋಕೆ ಆಗಬೇಕು. ಒಂದು ತಿಂಗಳಲ್ಲಿ ಎರಡು ಸಲ ಹಾಗಾದರೆ ಹೆಸರು ಕೊಡಿ. ಇಲ್ಲದಿದ್ದರೆ ಇನ್ನೊಂದು ವರ್ಷ ತಡೆಯಿರಿ.