ಕೊಸರು ಕೊಡದವರ ಹತ್ತಿರ ಬಾಟಲಿ ಬದಲಿಸಬೇಡಿ

ಓದುಗರ ಪ್ರಶ್ನೆ | ಈ ಸಲದ ವಿಷಯ: ಅಪರೂಪದ ಬಿಯರ್, ಹಳೇ ಬಿಯರ್
(ಉತ್ತರ ಕೊಡುವವರು ಒಂಬತ್ತು ವರ್ಷ ಬೆಲ್ಜಿಯಂನ ಲೂವೆನ್‌ನಲ್ಲಿ ಎಂಜಿನಿಯರ್ ಆಗಿದ್ದರು. ಈಗ ಮೈಸೂರಿನಲ್ಲಿದ್ದಾರೆ.)

ಪ್ರಶ್ನೆ: ಸಾರ್, ನನ್ನ ಭಾವ ಬ್ರಸೆಲ್ಸ್‌ನಿಂದ ಆರು ಸಣ್ಣ ಬಾಟಲಿ ಬಿಯರ್ ತಂದಿದ್ದಾರೆ. ಒಂದಕ್ಕೂ ಲೇಬಲ್ಲೇ ಇಲ್ಲ, ಬರೀ ಹಳದಿ ಮುಚ್ಚಳ. ‘ಪ್ರಪಂಚದಲ್ಲೇ ಬೆಸ್ಟ್’ ಅಂತಾರೆ. ಅವರಿಗೆ ಯಾರೋ ಟೋಪಿ ಹಾಕಿದ್ದಾರೆ ಅಂತ ನನ್ನ ಅನುಮಾನ.
– ಹೆಸರು ಬೇಡ, ದಾವಣಗೆರೆ

ಉತ್ತರ: ಟೋಪಿ ಅಲ್ಲ ಸ್ವಾಮಿ, ಆ ಮುಚ್ಚಳವನ್ನೇ ಸರಿಯಾಗಿ ಓದಿ. ‘ವೆಸ್ಟ್‌ವ್ಲೆಟೆರೆನ್ 12’ ಅಂತ ಇರಬೇಕು. ಬೆಲ್ಜಿಯಂನಲ್ಲಿ ಫ್ರಾನ್ಸ್ ಗಡಿ ಹತ್ತಿರ, ಹಾಪ್ಸ್ (ಬಿಯರಿಗೆ ಕಹಿ, ಘಮ ಕೊಡುವ ಹೂವು) ಬೆಳೆಯುವ ಸೀಮೆಯಲ್ಲಿ ಸಿಂಟ್ ಸಿಕ್ಸ್ಟಸ್ ಅಂತ ಒಂದು ಮಠ ಇದೆ. ಅಲ್ಲಿನ ಟ್ರಾಪಿಸ್ಟ್ ಪಂಥದ ಕ್ರೈಸ್ತ ಸನ್ಯಾಸಿಗಳು 1830ರ ದಶಕದಿಂದ ಬಿಯರ್ ಮಾಡುತ್ತಾರೆ. ನಾನಿದ್ದಾಗಲೂ ಬಾಟಲಿಗೆ ಲೇಬಲ್ ಇರಲಿಲ್ಲ. ಹೇಳಬೇಕಾದ್ದೆಲ್ಲ ಮುಚ್ಚಳದ ಮೇಲೇ ಇರುತ್ತಿತ್ತು. ಹಳದಿ ಅಂದರೆ ಶೇ. 10.2 ಆಲ್ಕೋಹಾಲ್ ಇರುವ ಕಪ್ಪು ಬಿಯರ್.

ಆಗ ಫೋನ್ ಮಾಡಿ ಕಾಯ್ದಿರಿಸಬೇಕಿತ್ತು. ಲೈನ್ ಯಾವಾಗಲೂ ಎಂಗೇಜ್. ಒಂದು ದಿನ ಊಟ ಬಿಟ್ಟು ರೀಡಯಲ್ ಒತ್ತುತ್ತಾ ಕೂತಿದ್ದೆ. ಕೊನೆಗೂ ಆ ಕಡೆಯಿಂದ ಎತ್ತಿ, ‘ಕಾರಿನ ನಂಬರ್ ಹೇಳಿ’ ಅಂದರು. ಕಾರು ನನ್ನದಲ್ಲ, ಸಹೋದ್ಯೋಗಿಯದು. ಮೊಬೈಲ್ ಕಿವಿಗಿಟ್ಟುಕೊಂಡೇ ಮೂರು ಮಹಡಿ ಇಳಿದು, ಪಾರ್ಕಿಂಗ್‌ಗೆ ಓಡಿ, ಏದುಸಿರು ಬಿಡುತ್ತಾ ನಂಬರ್ ಓದಿದೆ. ಆಮೇಲೆ 24 ಬಾಟಲಿಯ ಮರದ ಪೆಟ್ಟಿಗೆ ಸಿಕ್ಕಿತು. 2019ರಿಂದ ಇದೆಲ್ಲ ಆನ್‌ಲೈನ್ ಆಗಿದೆ. ಓಡುವ ಕೆಲಸ ಇಲ್ಲ.

ಮಠದವರದು ಒಂದೇ ಷರತ್ತು: ಕುಡಿಯಿರಿ, ಮಾರಬೇಡಿ. 2018ರಲ್ಲಿ ನೆದರ್‌ಲೆಂಡ್ಸ್‌ನ ಒಂದು ಸೂಪರ್‌ಮಾರ್ಕೆಟ್ ಇದೇ ಬಾಟಲಿಯನ್ನು ಸುಮಾರು 10 ಯೂರೋಗೆ ಮಾರಿತ್ತು. ಆಗ ಮಠದ ಬೆಲೆ 2 ಯೂರೋಗಿಂತ ಕಡಿಮೆ ಇತ್ತು. ಸನ್ಯಾಸಿಗಳು ಬೇಜಾರು ಮಾಡಿಕೊಂಡರು.

ಅಂದಹಾಗೆ ನಿಮ್ಮ ಭಾವ ಲೆಕ್ಕದಲ್ಲಿ ಗಟ್ಟಿ. 330 ಮಿಲೀ ಬಾಟಲಿ ಆರು ಅಂದರೆ 1.98 ಲೀಟರ್. ಸುಂಕ ಇಲ್ಲದೆ ತರಬಹುದಾದ್ದು 2 ಲೀಟರ್! ಬಾಟಲಿ ನಿಲ್ಲಿಸಿಡಿ. ಬಗ್ಗಿಸುವಾಗ ತಳದ ಗಸಿ ಕದಡಬೇಡಿ. ಎರಡು ಈಗ ಕುಡಿಯಿರಿ. ಉಳಿದ ನಾಲ್ಕನ್ನು ಎರಡು ವರ್ಷ ಮರೆತುಬಿಡಿ. ಆಗ ಒಣದ್ರಾಕ್ಷಿ, ಜೋನಿ ಬೆಲ್ಲದ ರುಚಿ ಬಂದಿರುತ್ತದೆ.

ಪ್ರಶ್ನೆ: ಇಲ್ಲಿ ಅಪರೂಪದ ಬಿಯರ್ ಬದಲಿಸಿಕೊಳ್ಳುವ ಗುಂಪುಗಳಿವೆ. ಸೇರೋಣ ಅಂತಿದ್ದೇನೆ. ಇದರಲ್ಲಿ ದುಡ್ಡು ಮಾಡಬಹುದಾ? ಒಂದು ಹಳೇ ಬಾಟಲಿ 5 ಲಕ್ಷ ಡಾಲರಿಗೆ ಹೋಯಿತು ಅಂತ ಓದಿದ ನೆನಪು.
– ಮಂಡ್ಯ ಮೂಲದ ಓದುಗ, ಸ್ಯಾನ್ ಹೋಸೆ

ಉತ್ತರ: ಹೋಗಲಿಲ್ಲ. ಅದು 1852ರ ಆಲ್‌ಸಾಪ್ಸ್ ಆರ್ಕ್ಟಿಕ್ ಏಲ್. ಉತ್ತರ ಧ್ರುವದ ಕಡೆ ಹೊರಟಿದ್ದ ಎಡ್ವರ್ಡ್ ಬೆಲ್ಚರ್ ಅವರ ಹಡಗುಗಳಿಗಾಗಿ ಇಂಗ್ಲೆಂಡಿನ ಬರ್ಟನ್‌ನಲ್ಲಿ ಮಾಡಿದ ಬಿಯರ್. 2007ರಲ್ಲಿ ಒಬ್ಬರು ಅದರ ಬಾಟಲಿಯನ್ನು ಈಬೇಗೆ ಹಾಕುವಾಗ ಹೆಸರಿನಲ್ಲಿ ಒಂದು ‘ಪಿ’ ಬಿಟ್ಟರು. ಹುಡುಕಿದವರಿಗೆ ಕಾಣಲೇ ಇಲ್ಲ, 304 ಡಾಲರಿಗೆ ಹೋಯಿತು. ಕೊಂಡವರು ಸರಿಯಾದ ಹೆಸರು ಹಾಕಿ ಮತ್ತೆ ಹರಾಜಿಗಿಟ್ಟರು. ಕೂಗು 5,03,300 ಡಾಲರಿನವರೆಗೆ ಏರಿತು. ಆದರೆ ಕೂಗಿದ್ದು ಹುಡುಗಾಟಕ್ಕೆ. ದುಡ್ಡು ಬರಲಿಲ್ಲ. ನಿಮಗೆ ನೆನಪಿರುವುದು ಬರೀ ಕೂಗು.

ದುಡ್ಡಿನ ಯೋಚನೆ ಬಿಡಿ. ಲೈಸೆನ್ಸ್ ಇಲ್ಲದೆ ಮಾರುವುದು ಅಲ್ಲೂ ತಪ್ಪು, ಇಲ್ಲೂ ತಪ್ಪು. ಅಮೆರಿಕದ ಅಂಚೆಯಲ್ಲಂತೂ ಬಿಯರ್ ಕಳಿಸುವ ಹಾಗೇ ಇಲ್ಲ. ಕೈಯಿಂದ ಕೈಗೆ ಬದಲಿಸುವುದೇ ಸರಿ. ಊರಲ್ಲೇ ನಾಲ್ಕು ಜನ ಸೇರುವ ಬಳಗ ಹುಡುಕಿ.

ಬಳಗದ ರಿವಾಜು ಸುಲಭ. ಅಂಗಡಿ ಬೆಲೆಗೆ ಅಂಗಡಿ ಬೆಲೆ ಸರಿತೂಗಬೇಕು. ಬಾಟಲಿ ಯಾವ ವರ್ಷದ್ದು, ಎಲ್ಲಿಟ್ಟಿದ್ದಿರಿ ಅಂತ ಮುಚ್ಚಿಡದೆ ಹೇಳಬೇಕು. ಮತ್ತೆ ಕೊಸರು! ತರಕಾರಿ ಅಂಗಡಿಯಲ್ಲಿ ಕೊತ್ತಂಬರಿ ಹಾಕುತ್ತಾರಲ್ಲ, ಹಾಗೆ ಒಪ್ಪಂದದಲ್ಲಿ ಇಲ್ಲದ ಒಂದೆರಡು ಬಾಟಲಿ ಕೇಳದೆಯೇ ಸೇರಿಸುವುದು. ಇಂಗ್ಲಿಷಿನಲ್ಲಿ ಇದನ್ನು ‘ಎಕ್ಸ್‌ಟ್ರಾ’ ಅಂತಾರೆ. ನಮ್ಮ ಪದವೇ ವಾಸಿ. ಕೊಸರು ಕೊಡದವರ ಜೊತೆ ನಾನು ಎರಡನೇ ಸಲ ಬದಲಿಸಿದ್ದಿಲ್ಲ.

ನಾನೂ ಮಾನ ಕಳೆದುಕೊಂಡಿದ್ದೇನೆ ಅನ್ನಿ. ಯೂರೋಪಿನಲ್ಲಿ ಬಿಯರ್ ಪಾರ್ಸೆಲ್ ಕಳಿಸುವ ರೂಢಿ ಇತ್ತು. ಒಬ್ಬ ಡಚ್ಚರಿಗೆ ಮೂರು ಬಾಟಲಿ ಕಳಿಸಿದೆ. ಒಂದೊಂದಕ್ಕೆ ಒಂದು ಸುತ್ತು ದಿನಪತ್ರಿಕೆ, ಅಷ್ಟೇ ಪ್ಯಾಕಿಂಗ್. ಅವರ ಡಬ್ಬಿ ನನಗೆ ಮೊದಲು ಬಂತು. ಪ್ರತಿ ಬಾಟಲಿಗೂ ಒಗೆದ ಕಾಲುಚೀಲ, ಮೇಲೆ ಗುಳ್ಳೆ ಪ್ಲಾಸ್ಟಿಕ್, ಜೊತೆಗೆ ಎರಡು ಕೊಸರು. ಮಾರನೇ ದಿನ ಅವರಿಂದ ಫೋಟೋ ಬಂತು: ತಳ ಬಿಟ್ಟುಹೋದ ರಟ್ಟಿನ ಡಬ್ಬಿ, ನೆಂದ ಪೇಪರ್, ಕುತ್ತಿಗೆ ಮುರಿದ ಎರಡು ಬಾಟಲಿ. ಅವರು ಒಂದು ಮಾತೂ ಆಡಲಿಲ್ಲ. ನಾನು ಮತ್ತೆ ಮೂರು ಕಳಿಸಿದೆ, ಅವರದೇ ಕಾಲುಚೀಲದಲ್ಲಿ. ಡಬ್ಬಿ ಅಲ್ಲಾಡಿಸಿದರೆ ಒಳಗೆ ಸದ್ದು ಬರಬಾರದು ಅಂತ ಅವತ್ತು ಕಲಿತೆ.

ಪ್ರಶ್ನೆ: ವರ್ಮಾಂಟ್‌ನ ‘ಹೆಡಿ ಟಾಪರ್’ ಕ್ಯಾನ್ ಒಂದನ್ನು ಎಂಟು ತಿಂಗಳಿಂದ ಬೀರುವಿನಲ್ಲಿ ಜೋಪಾನ ಮಾಡಿದ್ದೇನೆ. ಇನ್ನೂ ಎಷ್ಟು ವರ್ಷ ಇಡಬಹುದು?
– ಬೆಂಗಳೂರು

ಉತ್ತರ: ಅಯ್ಯೋ! ಇವತ್ತೇ ತೆಗೆಯಿರಿ. ಅದು ಐಪಿಎ ಅನ್ನುವ ಜಾತಿಯ ಬಿಯರ್, ಹಾಪ್ಸ್ ಘಮವೇ ಅದರ ಜೀವ. ಆ ಘಮ ವಾರಗಳಲ್ಲಿ ಇಳಿಯುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಮಾವಿನ ಮಿಡಿ ಉಪ್ಪಿನಕಾಯಿ ಹಳೇದಾದಷ್ಟೂ ರುಚಿ. ಹಾಗಂತ ತುರಿದ ಮಾವಿನಕಾಯಿ ಚಟ್ನಿಯನ್ನು ಭರಣಿಗೆ ತುಂಬಿ ಇಡುತ್ತೇವಾ? ಮಿಡಿಯಂಥವು ಬಾರ್ಲಿ ವೈನ್ (ಹೆಸರಿಗೆ ವೈನ್, ಆದರೆ ಗಟ್ಟಿ ಬಿಯರ್), ಗಟ್ಟಿ ಸ್ಟೌಟ್ ಅನ್ನುವ ಕಪ್ಪು ಬಿಯರ್. ಇಂಗ್ಲೆಂಡಿನ ಡಾರ್ಚೆಸ್ಟರ್‌ನಲ್ಲಿ 1968ರಲ್ಲಿ ಶುರುವಾದ ಥಾಮಸ್ ಹಾರ್ಡೀಸ್ ಏಲ್ ಬಾಟಲಿ ಮೇಲೆ 25 ವರ್ಷ ಇಡಬಹುದು ಅಂತಲೇ ಬರೆದಿರುತ್ತಿದ್ದರು. ನಿಮ್ಮ ಕ್ಯಾನ್ ಈ ಜಾತಿಯದಲ್ಲ.

ಪ್ರಶ್ನೆ: ಅಜ್ಜನ ಮನೆ ಅಟ್ಟದಲ್ಲಿ ತೆಗೆಯದ ಬಿಯರ್ ಬಾಟಲಿ ಸಿಕ್ಕಿದೆ. ಮುಚ್ಚಳ ತುಕ್ಕು ಹಿಡಿದಿದೆ, ಬಿಯರ್ ಅರ್ಧ ಇಂಚು ಇಳಿದಿದೆ. ತೊಳೆದು ಮಾರಬಹುದಾ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ತೊಳೆಯಲೇಬೇಡಿ ತಾಯಿ! ಹುಣಸೆಹಣ್ಣು ಹಾಕಿ ತಿಕ್ಕುವುದಂತೂ ಬೇಡವೇ ಬೇಡ. ಒಳಗಿರುವುದು ಸಾದಾ ಲಾಗರ್ ಆಗಿದ್ದರೆ ಈಗ ಒದ್ದೆ ರಟ್ಟಿನ ರುಚಿ ಇರುತ್ತದೆ. ಅದಕ್ಕೆ ಬೆಲೆಯಿಲ್ಲ. ಬೆಲೆ ಏನಿದ್ದರೂ ಲೇಬಲ್ಲಿಗೆ. ಯುನೈಟೆಡ್ ಬ್ರೂವರೀಸ್ ಶುರುವಾಗಿದ್ದು 1915ರಲ್ಲಿ. ಹೀಗಾಗಿ ನಮ್ಮ ಕಡೆಯ ಬಿಯರ್ ಕಾಗದಕ್ಕೂ ನೂರು ವರ್ಷದ ವಯಸ್ಸಿದೆ. ಲೇಬಲ್, ಮುಚ್ಚಳ, ಗ್ಲಾಸಿನ ಕೆಳಗಿಡುವ ರಟ್ಟು ಕೂಡಿಡುವವರು ಬಹಳ ಜನ. ನಾಲ್ಕೂ ಕಡೆಯ ಫೋಟೋ ತೆಗೆದು ಅಂಥವರಿಗೆ ತೋರಿಸಿ.

ಪ್ರಶ್ನೆ: ನಮ್ಮ ಯಜಮಾನರು ಫ್ರಿಜ್ ತುಂಬಾ ಬಿರಡೆ ಹಾಕಿದ ಬಾಟಲಿ ಮಲಗಿಸಿದ್ದಾರೆ. ದೋಸೆ ಹಿಟ್ಟಿಡಲು ಜಾಗ ಇಲ್ಲ. ಕೇಳಿದರೆ ‘ನಿಲ್ಲಿಸಿದರೆ ಕೆಡುತ್ತದೆ’ ಅಂತಾರೆ. ಸುಮ್ನೆ ಹೇಳ್ತಿದ್ದಾರೆ ಅಲ್ವಾ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಅರ್ಧ ನಿಜ. ಬಿರಡೆ ಇದ್ದರೆ ಮಲಗಿಸುವ ವಾಡಿಕೆ ಉಂಟು, ಬಿರಡೆ ಒಣಗಬಾರದು ಅಂತ. ಬ್ರಸೆಲ್ಸ್‌ನ ಕಾಂಟಿಯೋನ್‌ನವರು ತಮ್ಮ ನೆಲಮಾಳಿಗೆಯಲ್ಲಿ ಹಾಗೇ ಮಲಗಿಸುತ್ತಾರೆ. ಅದು 1900ರಲ್ಲಿ ಶುರುವಾದ ಬ್ರೂವರಿ, ಅಲ್ಲಿ ಲ್ಯಾಂಬಿಕ್ ಅನ್ನುವ ಹುಳಿ ಬಿಯರ್ ಮಾಡುತ್ತಾರೆ. ಯೀಸ್ಟ್ ಹಾಕುವುದೇ ಇಲ್ಲ. ಕಾಯಿಸಿದ ಧಾನ್ಯದ ರಸವನ್ನು ಚಳಿಗಾಲದ ರಾತ್ರಿ ತೆರೆದ ತೊಟ್ಟಿಯಲ್ಲಿ ಆರಲು ಬಿಡುತ್ತಾರೆ. ನಿಮ್ಮ ಹಿಟ್ಟು ಹುಳಿ ಬಂದ ಹಾಗೆ ಅದೂ ತಾನಾಗೇ ಹುದುಗುತ್ತದೆ. ಆಮೇಲೆ ಒಂದು, ಎರಡು, ಮೂರು ವರ್ಷ ಪೀಪಾಯಿಯಲ್ಲಿ ಕೂತದ್ದನ್ನು ಬೆರೆಸಿದರೆ ಗೂಜ್. ಮೊದಲ ಗುಟುಕಿಗೆ ಹುಳಿ ಮಜ್ಜಿಗೆ ಅನ್ನಿಸುತ್ತದೆ.

ಆದರೆ ಅದಕ್ಕೆ ಫ್ರಿಜ್ಜೇ ಬೇಕು ಅಂತಿಲ್ಲ. 10–13 ಡಿಗ್ರಿ, ಕತ್ತಲು ಇದ್ದರೆ ಸಾಕು. ಅಷ್ಟು ತಂಪು ಶಿವಮೊಗ್ಗದ ಬೇಸಿಗೆಯಲ್ಲಿ ಸಿಗುವುದಿಲ್ಲ ನೋಡಿ, ಅದಕ್ಕೇ ನಿಮ್ಮವರ ಹಟ. ನಮ್ಮ ಮನೆಯಲ್ಲೂ ಇದೇ ಜಗಳ ಆಗಿತ್ತು. ಹಳೇ ಸಣ್ಣ ಫ್ರಿಜ್ ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡು ಮೆಟ್ಟಿಲ ಕೆಳಗೆ ಇಟ್ಟೆ. ಈಗ ಅದರ ಮೇಲಿನ ಅರೆಯಲ್ಲಿ ಗೂಜ್ ಮಲಗಿದೆ. ಕೆಳಗಿನ ಎರಡು ಅರೆ ಹೆಂಡತಿಯ ಉಪ್ಪಿನಕಾಯಿ ಭರಣಿಗೆ ಹೋಗಿವೆ.