‘ಇಮ್ಯೂನಿಟಿ ಗಟ್ಟಿ ಇದ್ದರೆ ಇಲಿಗೆ ವೈರಸ್ ಗಡ್ಡೆ ಬರಲ್ಲ’ ಅಂತ ಸೆಮಿನಾರ್ ಮಾಡಬಹುದಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಬೆಳಗಾವಿಯಲ್ಲಿ ಎಂ.ಎಸ್ಸಿ. ಪ್ರಾಣಿಶಾಸ್ತ್ರ, ಸೆಮಿನಾರಿಗೆ ಇಲಿಗಳ ವೈರಸ್ ಗಡ್ಡೆ. ಪಾಲಿಯೋಮಾ, ಫ್ರೆಂಡ್, ಎಂಎಂಟಿವಿ ಈ ಮೂರು ವೈರಸ್‌ಗಳಲ್ಲಿ ಯಾವುದು ಸುಲಭ, ಇಮ್ಯೂನಿಟಿ ಗಟ್ಟಿ ಇದ್ದರೆ ಗಡ್ಡೆ ಬರಲ್ಲ ಅನ್ನೋದನ್ನು ಹೇಗೆ ತೋರಿಸಲಿ ಅಂತ ಕೇಳಿದ್ದೀರಿ. ವಿಜಯಪುರದಲ್ಲಿ ಓದುವಾಗ ನನ್ನ ಡಿಸರ್ಟೇಷನ್ ಇದೇ ಒಂದು ಸಾಲಿನ ಮೇಲೆ ನಿಂತಿತ್ತು. ವೈವಾದಲ್ಲಿ ಮಕಾಡೆ ಬಿತ್ತು.

ನಮ್ಮ ವಿಭಾಗದಲ್ಲಿ ಇಲಿ ಅಂದರೆ ಫಾರ್ಮಲಿನ್ ಜಾಡಿಯೊಳಗಿನದ್ದು ಮಾತ್ರ. ಹಾಗಾಗಿ ಹಳೆಯ ಪೇಪರ್‌ಗಳನ್ನು ಓದಿ ಹೋಲಿಸಿ ಬರೆಯೋದು ಅಂತ ಆಯಿತು. ಗೈಡ್ ಮೇಡಂ ಹೇಳಿದ್ದು ಒಂದೇ ಮಾತು: ‘ಎಲ್ಲಾ ಪೇಪರ್ ಒಂದು ಟೇಬಲ್‌ಗೆ ಇಳಿಸು, ಆಮೇಲೆ ಮಾತಾಡೋಣ.’ ಬೆಳಗಾವಿಯ ಮೆಡಿಕಲ್ ಕಾಲೇಜಿನಲ್ಲಿದ್ದ ಗೆಳೆಯ ಜೆರಾಕ್ಸ್ ಕಳಿಸುತ್ತಿದ್ದ. ಅರ್ಧ ಪುಟ ಕಪ್ಪಾಗಿರುತ್ತಿತ್ತು. ಆದರೂ ಶ್ರದ್ಧೆಯಿಂದ ಟೇಬಲ್ ಮಾಡಿದೆ. ವೈರಸ್, ತಳಿ, ಡೋಸ್, ಇಂಜೆಕ್ಷನ್ ಕೊಟ್ಟಾಗ ಇಲಿಯ ವಯಸ್ಸು, ಎಷ್ಟು ಇಲಿಗೆ ಗಡ್ಡೆ ಬಂತು, ಆ್ಯಂಟಿಬಾಡಿ ಸಿಕ್ಕಿತೋ ಇಲ್ಲವೋ. ಎಲ್ಲದಕ್ಕೂ ಒಂದೊಂದು ಕಾಲಂ.

ಪ್ರಿಂಟ್ ತೆಗೆಯುವಾಗ ಟೇಬಲ್ ಎ4 ಹಾಳೆಯಲ್ಲಿ ಕೂರಲಿಲ್ಲ. ಅಕ್ಷರ ಸಣ್ಣ ಮಾಡಿದೆ, ಆಗಲೂ ಕೊನೆಯ ಕಾಲಂ ಅಂಚಿನಾಚೆ ಹೋಗುತ್ತಿತ್ತು. ಹಾಳೆ ಅಡ್ಡ ಹಾಕೋಣ ಅಂದರೆ ಗಾಂಧಿ ಚೌಕದ ಹತ್ತಿರದ ಬೈಂಡಿಂಗ್ ಅಂಗಡಿಯವರು, ‘ಅಡ್ಡ ಪೇಜ್ ಬ್ಯಾಡ್ರಿ ಸರ, ಬೈಂಡಿಂಗ್ ಚಂದ ಕಾಣಂಗಿಲ್ಲ’ ಅಂದರು. ಸರಿ, ಒಂದು ಕಾಲಂ ತೆಗೆದುಬಿಟ್ಟರಾಯಿತು ಅಂದುಕೊಂಡೆ. ಯಾವುದು ತೆಗೆಯೋದು? ವೈರಸ್ ಬೇಕು, ಡೋಸ್ ಬೇಕು, ಫಲಿತಾಂಶ ಬೇಕೇ ಬೇಕು. ತಳಿಯ ಹೆಸರು ಇದ್ದರೆ ನೋಡೋಕೆ ವಿಜ್ಞಾನದ ಹಾಗೆ ಕಾಣುತ್ತದೆ. ವಯಸ್ಸು ತೆಗೆದೆ.

ಅಷ್ಟಕ್ಕೇ ನಿಂತಿದ್ದರೆ ಬಚಾವಾಗುತ್ತಿದ್ದೆ. ಆಮೇಲೆ ಚರ್ಚೆಯ ಅಧ್ಯಾಯ ಬರೆಯಲು ಕೂತಾಗ ಪೇಪರ್‌ಗಳನ್ನು ಮತ್ತೆ ಬಿಡಿಸಲಿಲ್ಲ, ಆ ಟೇಬಲ್ ಮುಂದಿಟ್ಟುಕೊಂಡೇ ಬರೆದೆ. ಅದೇ ಪಾಲಿಯೋಮಾ, ಒಂದು ಕಡೆ ಇಲಿಗಳ ಜೊಲ್ಲುಗ್ರಂಥಿಯಲ್ಲಿ, ಕಿಡ್ನಿಯಲ್ಲಿ ಎಲ್ಲಾ ಗಡ್ಡೆ. ಇನ್ನೊಂದು ಕಡೆ ಒಂದು ಇಲಿಗೂ ಗಡ್ಡೆ ಇಲ್ಲ. ವಯಸ್ಸಿನ ಕಾಲಂ ಇಲ್ಲದ ಟೇಬಲ್‌ನಲ್ಲಿ ಇದು ಒಗಟಿನ ಹಾಗೇ ಕಾಣುತ್ತದೆ ಅಲ್ವಾ? ‘ಪರಸ್ಪರ ವಿರುದ್ಧ ಫಲಿತಾಂಶಗಳು’ ಅಂತ ದಪ್ಪಕ್ಷರದಲ್ಲಿ ತಲೆಬರಹ ಕೊಟ್ಟೆ. ಗಡ್ಡೆ ಬಾರದ ಇಲಿಗಳ ರೋಗನಿರೋಧಕ ಶಕ್ತಿ ಹುಟ್ಟಿನಿಂದಲೇ ಗಟ್ಟಿ ಇದ್ದಿರಬೇಕು ಅಂತ ತೀರ್ಪನ್ನೂ ಬರೆದೆ. ನನ್ನದೇ ಕೈಯಿಂದ ಅಳಿಸಿದ ಮಾಹಿತಿಗೆ ಸಿದ್ಧಾಂತ ಕಟ್ಟಿದ್ದೆ!

ವೈವಾಕ್ಕೆ ಬಂದ ಎಕ್ಸ್‌ಟರ್ನಲ್ ಸರ್ ಟೇಬಲ್ ಮೇಲೆ ಬೆರಳಾಡಿಸಿ ಕೇಳಿದರು: ‘ತಮ್ಮಾ, ಇಲಿ ಎಷ್ಟ ದಿನದ್ದವ?’

‘ಸಿ3ಎಚ್ ಸರ್.’

‘ತಳಿ ಕೇಳಲಿಲ್ಲಪಾ. ವಯಸ್ಸ ಕೇಳೇನಿ.’

ಮುಂದಿನದ್ದು ಹೇಳೋದು ಬೇಡ. ತಿದ್ದಿ ಮತ್ತೆ ಒಪ್ಪಿಸು ಅಂದರು. ಮಾರ್ಕ್ಸ್ ಕಾರ್ಡ್ ತಡವಾಯಿತು. ಬೆಳಗಾವಿಯ ಒಂದು ಲ್ಯಾಬ್‌ನಲ್ಲಿ ಪ್ರಾಜೆಕ್ಟ್ ಫೆಲೋ ಕೆಲಸಕ್ಕೆ ಅರ್ಜಿ ಹಾಕುವ ದಿನ ದಾಟಿಹೋಯಿತು. ಈಗ ಬಾಗಲಕೋಟೆಯಲ್ಲಿ ಡಿಗ್ರಿ ಹುಡುಗರಿಗೆ ಪಾಠ ಮಾಡುತ್ತೇನೆ. ಬೇಜಾರೇನಿಲ್ಲ. ಆದರೆ ಯಾರ ಟೇಬಲ್ ನೋಡಿದರೂ ಮೊದಲು ವಯಸ್ಸಿನ ಕಾಲಂ ಹುಡುಕುವ ಚಟ ಅಂಟಿಕೊಂಡಿದೆ.

ಯಾಕೆಂದರೆ ಈ ವಿಷಯದ ಮೂಲವೇ ವಯಸ್ಸಿನಲ್ಲಿದೆ. ಲುಡ್ವಿಕ್ ಗ್ರಾಸ್ ಎಂಬ ವೈದ್ಯ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ರಕ್ತಕ್ಯಾನ್ಸರ್ ಇದ್ದ ಎಕೆ ತಳಿಯ ಇಲಿಗಳ ಸಾರವನ್ನು ಬೇರೆ ಇಲಿಗಳಿಗೆ ಚುಚ್ಚಿ ಚುಚ್ಚಿ ಸೋತಿದ್ದರು. ಆಗಷ್ಟೇ ಹುಟ್ಟಿದ ಮರಿಗಳಿಗೆ ಚುಚ್ಚಿದ ಮೇಲೆ ರೋಗ ಬಂತು. 1951ರಲ್ಲಿ ಅದನ್ನು ಪ್ರಕಟಿಸಿದರು. ಅದೇ ಪ್ರಯೋಗಗಳಲ್ಲಿ ಕೆಲವು ಮರಿಗಳಿಗೆ ರಕ್ತಕ್ಯಾನ್ಸರ್ ಬದಲು ಜೊಲ್ಲುಗ್ರಂಥಿಯ ಗಡ್ಡೆ ಬಂತು. ಅದು ಇನ್ನೊಂದು ವೈರಸ್‌ನ ಕೆಲಸ ಅಂತ 1953ರಲ್ಲಿ ಹೇಳಿದರು. ಸಾರಾ ಸ್ಟೀವರ್ಟ್ ಮತ್ತು ಬರ್ನೀಸ್ ಎಡ್ಡಿ ಅದನ್ನು ಕೋಶಗಳಲ್ಲಿ ಬೆಳೆಸಿ ತೋರಿಸಿದರು. ಅದೇ ನಿಮ್ಮ ಪಾಲಿಯೋಮಾ.

ಆಗಷ್ಟೇ ಹುಟ್ಟಿದ ಮರಿಗೆ ಪಾಲಿಯೋಮಾ ಕೊಟ್ಟರೆ, ಸೋಂಕು ತಗುಲಿದ ಕೋಶಗಳನ್ನು ಹೊಡೆಯುವ ಅದರ ಟಿ ಸೆಲ್‌ಗಳು ಇನ್ನೂ ತಯಾರಾಗಿರುವುದಿಲ್ಲ. ವೈರಸ್ ಮೈತುಂಬ ಹರಡುತ್ತದೆ, ಗಡ್ಡೆಗೆ ತುತ್ತಾಗುವ ತಳಿಯಾದರೆ ಕೆಲವು ತಿಂಗಳಲ್ಲಿ ಗಡ್ಡೆ. ಬೆಳೆದ ಇಲಿಗೆ ಕೊಟ್ಟರೆ ಸೋಂಕು ತಗಲುತ್ತದೆ, ಆದರೆ ಸಾಮಾನ್ಯವಾಗಿ ಗಡ್ಡೆ ಬರುವುದಿಲ್ಲ. ವೈರಸ್ ಅದೇ, ತಳಿ ಅದೇ. ಹಾಗಾದರೆ ಬೆಳೆದ ಇಲಿಯನ್ನು ಕಾಯುವುದು ಏನು? ಹುಟ್ಟಿದ ಕೂಡಲೇ ಥೈಮಸ್ (ಟಿ ಸೆಲ್ ತಯಾರಾಗುವ, ಎದೆಯೊಳಗಿನ ಗ್ರಂಥಿ) ತೆಗೆದ ಇಲಿಗಳು ದೊಡ್ಡವಾದ ಮೇಲೂ ಪಾಲಿಯೋಮಾ ಗಡ್ಡೆಗೆ ತುತ್ತಾಗುತ್ತವೆ ಅಂತ 1964ರ ಹೊತ್ತಿಗೆ ಗೊತ್ತಾಯಿತು. ಇಲ್ಲೊಂದು ಮಜಾ ಇದೆ. ಥೈಮಸ್‌ನ ಕೆಲಸ ಗೊತ್ತಾಗಿದ್ದೇ ಇಲಿಗಳ ಗಡ್ಡೆ ವೈರಸ್‌ನಿಂದ. ಲಂಡನ್ನಿನಲ್ಲಿ ಜಾಕ್ ಮಿಲ್ಲರ್ ಗ್ರಾಸ್ ವೈರಸ್‌ನ ರಕ್ತಕ್ಯಾನ್ಸರ್ ಮೇಲೆ ಕೆಲಸ ಮಾಡುತ್ತಾ ಹುಟ್ಟಿದ ಮರಿಗಳ ಥೈಮಸ್ ತೆಗೆದರು. ಆ ಮರಿಗಳು ಸೊರಗಿದವು. ಬೇರೆ ತಳಿಯ ಚರ್ಮ ಕಸಿ ಮಾಡಿದರೂ ತಿರಸ್ಕರಿಸಲಿಲ್ಲ. 1961ರಲ್ಲಿ ಅದು ಪ್ರಕಟವಾಗುವವರೆಗೆ ಥೈಮಸ್ ಅಂದರೆ ಕೆಲಸವಿಲ್ಲದ ಮಾಂಸದ ತುಣುಕು ಅಂತಲೇ ಬಹಳ ಜನ ನಂಬಿದ್ದರು.

ಇಷ್ಟು ಓದಿ ‘ನೋಡಿ ಸರ್, ಇಮ್ಯೂನಿಟಿ ಇದ್ದರೆ ಗಡ್ಡೆ ಇಲ್ಲ, ನಾನು ಹೇಳಿದ್ದೇ ಸರಿ’ ಅಂತ ನೀವು ಅನ್ನಬಹುದು. ಒಪ್ಪಲ್ಲ. ನಿಮ್ಮ ಸಾಲನ್ನು ಎಂಎಂಟಿವಿ ಮುರಿದು ಹಾಕುತ್ತದೆ.

ಎಂಎಂಟಿವಿ ಅಂದರೆ ಇಲಿಗಳ ಸ್ತನಗಡ್ಡೆಯ ವೈರಸ್. ಗಡ್ಡೆ ಜಾಸ್ತಿ ಬರುವ ತಳಿಯ ತಾಯಿಯ ಹಾಲಿನ ಮೂಲಕ ಮರಿಗೆ ಇದು ಸಾಗುತ್ತದೆ ಎಂಬ ಸುಳಿವನ್ನು ಜಾನ್ ಬಿಟ್ನರ್ 1936ರಲ್ಲೇ ಕೊಟ್ಟಿದ್ದರು. ಮರಿಯನ್ನು ಬೇರೆ ತಳಿಯ ತಾಯಿಯ ಹಾಲಿಗೆ ಬಿಟ್ಟರೆ ಗಡ್ಡೆ ಬಹಳ ಕಡಿಮೆಯಾಗುತ್ತಿತ್ತು. ವೈರಸ್ ಕರುಳಿನಿಂದ ಒಳಗೆ ಬಂದು ಆ್ಯಂಟಿಬಾಡಿ ತಯಾರಿಸುವ ಬಿ ಸೆಲ್‌ಗಳನ್ನು ಹಿಡಿಯುತ್ತದೆ. ಆ ಬಿ ಸೆಲ್‌ಗಳು ವೈರಸ್‌ನ ಸೂಪರ್‌ಆ್ಯಂಟಿಜನ್ ಎಂಬ ಪ್ರೋಟೀನನ್ನು ಮೈಮೇಲೆ ತೋರಿಸುತ್ತವೆ. ಅದನ್ನು ಕಂಡು ಒಂದು ಗುಂಪಿನ ಟಿ ಸೆಲ್‌ಗಳು ಕೆರಳುತ್ತವೆ. ಹಾಗೆ ಕೆರಳಿದ ಟಿ ಸೆಲ್‌ಗಳು ಬಿ ಸೆಲ್‌ಗಳನ್ನೂ ಹುರಿದುಂಬಿಸಿ ಬೆಳೆಸುತ್ತವೆ. ಬಿ ಸೆಲ್ ಬೆಳೆದಷ್ಟೂ ವೈರಸ್ ಬೆಳೆಯಿತು. ಅದೇ ರಕ್ತದ ಕೋಶಗಳ ಜೊತೆ ಅದು ಸ್ತನಕ್ಕೆ ತಲುಪುತ್ತದೆ. ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗೆ. ಇಲ್ಲಿ ಇಮ್ಯೂನಿಟಿ ಕೆರಳದಿದ್ದರೆ ವೈರಸ್‌ಗೇ ನಷ್ಟ. ಆ ಟಿ ಸೆಲ್ ಗುಂಪು ಇಲ್ಲದ ಇಲಿಗೆ ಹಾಲಿನ ವೈರಸ್ ಸರಿಯಾಗಿ ಅಂಟುವುದೇ ಇಲ್ಲ. ಇದನ್ನು 1992ರಲ್ಲಿ, ಸೂಪರ್‌ಆ್ಯಂಟಿಜನ್ ಜೀನನ್ನು ಮೊದಲೇ ಸೇರಿಸಿ ಬೆಳೆಸಿದ ಇಲಿಗಳಲ್ಲಿ ತೋರಿಸಿದರು; ಅಂಥ ಇಲಿಗಳಲ್ಲಿ ಆ ಟಿ ಸೆಲ್ ಗುಂಪು ಮೊದಲೇ ಅಳಿಸಿಹೋಗಿರುತ್ತದೆ.

ಈಗ ಗಮ್ಮತ್ತು ನೋಡಿ. ಎಂಎಂಟಿವಿಯ ಹಳೆಯ ತುಂಡುಗಳು ಎಷ್ಟೋ ತಳಿಯ ಇಲಿಗಳ ವರ್ಣತಂತುಗಳಲ್ಲೇ ಸೇರಿಕೊಂಡಿವೆ. ಅಂಥದ್ದೊಂದು ಎಂಟಿವಿ-7. ಇದು ಇರುವ ಇಲಿಯಲ್ಲಿ ಕೆಲವು ಗುಂಪಿನ ಟಿ ಸೆಲ್‌ಗಳು ಬೆಳೆಯುವ ಮುನ್ನವೇ ಅಳಿಸಿಹೋಗುತ್ತವೆ. ಪಾಲಿಯೋಮಾವನ್ನು ಹೊಡೆಯಬೇಕಿದ್ದ ಟಿ ಸೆಲ್‌ಗಳು ಆ ಗುಂಪುಗಳಲ್ಲೇ ಇದ್ದವು. ಹಾಗಾಗಿ ಆ ತಳಿಯ ಮರಿಗಳಿಗೆ ಪಾಲಿಯೋಮಾ ಗಡ್ಡೆ ಸಲೀಸಾಗಿ ಬರುತ್ತದೆ. ಇದು 1995ರ ಕೆಲಸ. ಟಿ ಸೆಲ್‌ಗಳ ಸಾಲಿನಲ್ಲಿ ಇಂಥ ಖಾಲಿ ಜಾಗ ಇದ್ದರೆ ಒಂದು ವೈರಸ್‌ನಿಂದ ರಕ್ಷಣೆ, ಇನ್ನೊಂದಕ್ಕೆ ಬಾಗಿಲು ತೆರೆದ ಮನೆ. ಈ ಇಲಿಯ ಇಮ್ಯೂನಿಟಿ ಗಟ್ಟಿಯೋ ಸಡಿಲವೋ ಅಂತ ನಿಮ್ಮ ಗೈಡ್ ಕೇಳಿದರೆ ಏನು ಹೇಳುತ್ತೀರಿ? ಗಟ್ಟಿ, ಸಡಿಲ ಎಂಬ ಅಳತೆಯೇ ಇಲ್ಲಿ ಕೆಲಸಕ್ಕೆ ಬಾರದು. ಯಾವ ಕೋಶ, ಯಾವ ವೈರಸ್‌ಗೆ, ಇಲಿಯ ಯಾವ ವಯಸ್ಸಿನಲ್ಲಿ ಅಂತಲೇ ಮಾತಾಡಬೇಕು.

ಆದ್ದರಿಂದ ‘ಯಾವುದು ಸುಲಭ’ ಅನ್ನೋ ಪ್ರಶ್ನೆ ಬಿಡಿ. ಪಾಲಿಯೋಮಾ ಮತ್ತು ಎಂಎಂಟಿವಿ ಎರಡನ್ನೂ ಜೊತೆಗಿಟ್ಟು ಮಾಡಿ, ಒಂದರಿಂದ ಇನ್ನೊಂದು ಅರ್ಥವಾಗುತ್ತದೆ. ಫ್ರೆಂಡ್ ಬೇಡ. 1957ರಲ್ಲಿ ಷಾರ್ಲೆಟ್ ಫ್ರೆಂಡ್ ವರದಿ ಮಾಡಿದ ಈ ವೈರಸ್ ಬೆಳೆದ ಇಲಿಗೂ ರಕ್ತಕ್ಯಾನ್ಸರ್ ತರುತ್ತದೆ, ಅದೇ ಅದರ ವಿಶೇಷ. ಆದರೆ ಅದು ನಿಜಕ್ಕೂ ಎರಡು ವೈರಸ್‌ಗಳ ಜೋಡಿ, ಮೇಲೆ ಇಲಿಯ ಒಂದು ರಾಶಿ ಜೀನ್‌ಗಳ ಆಟ. ಪರಿಚಯ ಮಾಡಿಕೊಡೋದರಲ್ಲೇ ನಿಮ್ಮ ಸಮಯ ಮುಗಿಯುತ್ತದೆ.

ಕೊನೆಯ ಸ್ಲೈಡ್‌ಗೆ ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್) ಲಸಿಕೆ ಹಾಕಿ ಮುಗಿಸುತ್ತೇನೆ ಅಂತಲೂ ಬರೆದಿದ್ದೀರಿ. ಎಲ್ಲರೂ ಹಾಕುತ್ತಾರೆ. ಹಾಕುವುದಾದರೆ ಒಂದನ್ನು ಬಿಡಿಸಿ ಹೇಳಿ: ಆ ಲಸಿಕೆ ಸೋಂಕನ್ನು ತಡೆಯುತ್ತದೆ, ಬಂದ ಗಡ್ಡೆಯನ್ನು ಕರಗಿಸುವುದಿಲ್ಲ. ಗಡ್ಡೆಯ ಕೋಶವನ್ನೇ ತಿರಸ್ಕರಿಸುವುದು ಬೇರೆ ವಿಷಯ, ಅದಕ್ಕೂ ಇಲಿಯಲ್ಲೇ ಪುರಾವೆ ಇದೆ. ಮೊದಲೇ ಪಾಲಿಯೋಮಾ ಕೊಟ್ಟ ಬೆಳೆದ ಇಲಿಗಳಿಗೆ ಪಾಲಿಯೋಮಾ ಗಡ್ಡೆಯ ಕೋಶಗಳನ್ನು ನೆಟ್ಟರೆ ಅವು ತಿರಸ್ಕರಿಸುತ್ತವೆ ಅಂತ 1961ರಲ್ಲಿ ಹೇಬಲ್ ಒಂದು ಕಡೆ, ಸ್ವೀಡನ್ನಿನ ಷೋಗ್ರೆನ್ ಮತ್ತು ಸಂಗಡಿಗರು ಇನ್ನೊಂದು ಕಡೆ ತೋರಿಸಿದರು. ಈ ಎರಡನ್ನು ಕಲಸಿದರೆ ಎಕ್ಸ್‌ಟರ್ನಲ್ ಬಿಡಲ್ಲ.

ಪ್ರಯೋಗ ಮಾಡೋಣ ಅಂತ ಆಸೆ ಪಟ್ಟು ಕೂರಬೇಡಿ. ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ, ನೋಂದಣಿಯಾದ ಪ್ರಾಣಿಮನೆ ಇಲ್ಲದೆ ಇಲಿ ಮುಟ್ಟುವ ಹಾಗಿಲ್ಲ, ಸೆಮಿನಾರಿನ ಗಡುವಿನೊಳಗೆ ಅದು ಆಗದ ಮಾತು. ಪೇಪರ್ ಓದಿ. 1995ರದ್ದು ಜರ್ನಲ್ ಆಫ್ ಎಕ್ಸ್‌ಪರಿಮೆಂಟಲ್ ಮೆಡಿಸಿನ್‌ನಲ್ಲಿದೆ, ನೆಟ್‌ನಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಸಾರಾಂಶ ಬಿಟ್ಟು ಮೊದಲು ವಿಧಾನದ ಭಾಗ ಓದಿ, ಮರಿಗಳಿಗೆ ಯಾವಾಗ ವೈರಸ್ ಕೊಟ್ಟರು ಅನ್ನೋದಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಟೇಬಲ್ ಹಿಡಿಸದಿದ್ದರೆ ಹಾಳೆ ಅಡ್ಡ ಹಾಕಿ, ಬೈಂಡಿಂಗ್‌ನವರು ಏನು ಬೇಕಾದರೂ ಹೇಳಲಿ.